ಬೆನ್ನ ಹಿಂದಿನ ಗೋಲು

ಅಪ್ಪಾ, ನಮಸ್ಕಾರ.

ಲೀಗಿನ ಮೊದಲ ಫುಟ್‌ಬಾಲ್ ಪಂದ್ಯಕ್ಕೆ ನೀವು ಬಂದು ಮೂರನೇ ಸಾಲಿನಲ್ಲಿ ಕೂತಿದ್ದನ್ನು ನೋಡಿದೆ. ಬಿಟ್ಟಿಯಾಗಿ ಮ್ಯಾಚ್ ನೋಡಬಹುದೆಂದು ಸ್ಟೇಡಿಯಮ್ಮಿನ ಸೆಕ್ಯುರಿಟಿ ಕೆಲಸಕ್ಕೆ ಸೇರಿದ ದಡ್ಡಿ ನಾನು! ಜನರಿಗೆ ಮುಖ, ಮೈದಾನಕ್ಕೆ ಬೆನ್ನು ಮಾಡಿ ನಿಲ್ಲಬೇಕಂತೆ. ತಿರುಗುವಂತಿಲ್ಲ, ಬಿಡೋಣವೆಂದರೆ ವರ್ಷದ ಕರಾರಿಗೆ ಸಹಿ ಹಾಕಿದ್ದೇನೆ.

ಕೊನೇ ನಿಮಿಷದಲ್ಲಿ ಗೋಲಾಯಿತು. ನನ್ನೆದುರು ಎರಡೂ ತಂಡದ ಅಭಿಮಾನಿಗಳು ಬೆರೆತು ಕೂತಿದ್ದರಿಂದ ಯಾರದೆಂದು ತಿಳಿಯದೆ ನಿಮ್ಮನ್ನು ನೋಡಿದೆ. ನೀವು ತಲೆ ತಗ್ಗಿಸಿದಿರಿ. ನಮ್ಮ ತಂಡ ಸೋತಿತೆಂದುಕೊಂಡೆ. ಆಮೇಲೆ ಸೂಪರ್‌ವೈಸರ್, "ನಿಮ್ಮೋರೇ ಗೆದ್ರಲ್ಲಮ್ಮ, ಮುಖ ಯಾಕೆ ಊದಿಸ್ಕೊಂಡಿದ್ದೀಯ?" ಅಂದರು.

ನನಗೆ ಗೋಲು ಕಾಣಲಿಲ್ಲವೆಂದು ನೀವು ಖುಷಿ ನುಂಗಿಕೊಂಡಿರಿ, ಗೊತ್ತು. ಮುಂದಿನ ಸಲವೂ ಅಲ್ಲೇ ಕೂರಿ. ಗೋಲಾದರೆ ದಯವಿಟ್ಟು ಎದ್ದು ಕುಣಿಯಿರಿ. ನಿಮ್ಮ ಮುಖ ಬಿಟ್ಟರೆ ನನಗೆ ಬೇರೆ ಮೈದಾನವಿಲ್ಲ.

ಇಂತಿ,
ನಿಮ್ಮ ಮಗಳು