ಮಹಾರಾಣಿಯ ಓಟ

ಸೇಡಂ, ೧೪ ನವೆಂಬರ್ ೨೦೨೫, ಶುಕ್ರವಾರ ರಾತ್ರಿ

ಕಲಾಭಿಮಾನಿಗಳೇ, ಮಹಾಜನರೇ! ಈ ಹಾಳೆಯ ಮುಂದೆ ಯಾರೂ ಕುಳಿತಿಲ್ಲ. ಆದರೂ ನಾಟಕ ಕಂಪನಿಯ ಹಳೆಯ ನಟನಾದ ನನಗೆ ಕೂಗದೆ ಬರೆಯಲಿಕ್ಕೆ ಬಾರದು.

ಮಗಳು ಶಿವಲೀಲಾ ಕಾರವಾರದಲ್ಲಿ ಶಾರ್ಕ್‌ಗಳ ಬೆನ್ನಿಗೆ ಜಾಗ ತೋರಿಸುವ ಯಂತ್ರ ಕೂಡಿಸಿ, ಯಾವ ಕಾಲಕ್ಕೆ ಅವು ಎಲ್ಲಿಗೆ ಹೋಗುತ್ತವೆಂದು ನೋಡುತ್ತಾಳೆ. ಅವುಗಳಲ್ಲಿ ಒಂದಕ್ಕೆ ಮಹಾರಾಣಿ ಎಂದು ಹೆಸರಿಟ್ಟವನು ನಾನೇ. ಮಳೆಗಾಲದಲ್ಲಿ ತೆಂಕಣ ಕಡಲಿಗೆ ಹೋದ ಮಹಾರಾಣಿ ಈಗ ತಿರುಗಿ ಬರುತ್ತಿದ್ದಳು. ಫೋನಿನ ನಕಾಶೆಯಲ್ಲಿ ಅವಳಿರುವ ಜಾಗ ತೋರಿಸುವ ಕೆಂಪು ಚುಕ್ಕೆ ನೋಡಿ ಚಹಾದಂಗಡಿಯಲ್ಲಿ ಕಥೆ ಹೇಳುವುದು ನನ್ನ ನಿತ್ಯದ ಆಟ.

ಇವತ್ತು ಚುಕ್ಕೆ ಎಂದೂ ಇಲ್ಲದ ವೇಗದಲ್ಲಿ ಓಡುತ್ತಿತ್ತು. "ಮಹಾರಾಣಿ ದಂಡೆತ್ತಿ ಹೊಂಟಾಳ್ರೀ!" ಎಂದು ಗುಡುಗಿದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾದಂಗಡಿಯ ಸಿದ್ದಲಿಂಗೇಶ ಶಿಳ್ಳೆ ಹೊಡೆದ. "ನಿಮ್ಮ ರಾಣಿ ನಮ್ಮ ಚಿಂಚೋಳಿ ಬಸ್ಸಿಗಿಂತ ಜೋರ ಹೊಂಟಾಳಲ್ರಿ ಮಾಸ್ತರ!"

ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿ ಮಗಳಿಗೆ ಫೋನ್ ಮಾಡಿದೆ.

"ಅಪ್ಪಾ, ಅದು ನೀರಲ್ಲ, ರಸ್ತೆ. ಬಲೆಗೆ ಬಿದ್ದು ಸತ್ತಾಳ. ಲಾರಿನ್ಯಾಗ ಹಾಕ್ಕೊಂಡು ಒಯ್ಯಾಕತ್ತಾರ."

ಕಡಲು ಕಾಣದ ನಮಗೆ ನಕಾಶೆಯಲ್ಲಿ ನೀರು ಮುಗಿದು ದಂಡೆ ಎಲ್ಲಿ ಶುರುವಾಯಿತೆಂದೇ ತಿಳಿದಿರಲಿಲ್ಲ. ಸಾವಿಗೆ ಚಪ್ಪಾಳೆ ತಟ್ಟಿದ್ದೆವು. ಫೋನಿನಲ್ಲಿ ಮಗಳು ಅಳುತ್ತಿದ್ದಳು. ರಂಗದ ಮೇಲೆ ಯಮನನ್ನೇ ಬೈದ ಈ ಗಂಟಲಿನಿಂದ "ಯವ್ವಾ" ಎಂಬುದರಾಚೆ ಒಂದು ಮಾತೂ ಹೊರಡಲಿಲ್ಲ.

ಚುಕ್ಕೆ ಈಗ ಯಾವುದೋ ಊರಿನಲ್ಲಿ ನಿಂತಿದೆ.

ಮಾತಿಲ್ಲದ ಪಾತ್ರ ನಾನು ಎಂದೂ ಮಾಡಿದವನಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕಾರವಾರದ ದಾರಿ ಹಿಡಿದು, ಮಗಳ ಪಕ್ಕದಲ್ಲಿ ಸುಮ್ಮನೆ ಕೂತು ಆ ಪಾತ್ರ ಮಾಡುತ್ತೇನೆ.