ನಿನ್ನ ಬಾಗಿಲಿನ ಹಸಿರು ಫಲಕ

ಪ್ರೀತಿಯ ಗುಬ್ಬಿ,

ಪ್ರೀತಿಯ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿರುವ ಅಕ್ಕನಿಂದ ಇಷ್ಟು ಬಂದದ್ದೇ ಹೆಚ್ಚು ಎಂದುಕೋ.

ನೀನು ಆ ಹಳೆಯ ಗೋದಾಮನ್ನು ನಾಟಕಶಾಲೆ ಮಾಡಲು ಹೊರಟಾಗ ನಾನು ಮನಸಾರೆ ನಕ್ಕಿದ್ದೆ. ಈಗ ಅದರ ಬಾಗಿಲಲ್ಲಿ, ಪರಿಸರ ಕಾಪಾಡುವ ನಾಟಕಶಾಲೆಯೆಂದು ನಗರಸಭೆ ಕೊಟ್ಟ ಹಸಿರು ಫಲಕ! ಚಾವಣಿಯ ಮೇಲೆ ಸೋಲಾರ್, ಕ್ಯಾಂಟೀನಿನಲ್ಲಿ ತೊಳೆದಿಡುವ ಸ್ಟೀಲ್ ಲೋಟ, ನಾಟಕದ ಟಿಕೆಟ್ಟಿನಲ್ಲೇ ಬಸ್ ಪ್ರಯಾಣ. ತಪ್ಪು ಹುಡುಕಲೆಂದೇ ಒಂದು ದಿನ ತಲೆಗೆ ಶಾಲು ಸುತ್ತಿಕೊಂಡು ಬಂದಿದ್ದೆ. ಕಸದ ಡಬ್ಬಿಯನ್ನೂ ಇಣುಕಿ ನೋಡಿದೆ. ಹಾಳಾದ್ದು, ಅದೂ ಖಾಲಿ.

ಫಲಕವನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಅಪ್ಪನನ್ನು. ನಾನೀಗ ನಡೆಸುತ್ತಿರುವ ಈ ರಂಗಮಂದಿರದಲ್ಲೇ ನಲವತ್ತು ವರ್ಷ ಬೆಳಕಿನ ಕೆಲಸ ಮಾಡಿದವರು, ಈಗ ಪ್ರತಿ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ನಿನ್ನಲ್ಲಿಗೆ ಹೊರಡುತ್ತಾರೆ. ತಿರುಗಿ ಬಂದು ಊಟಕ್ಕೆ ಕೂತರೆ, "ಅವಳ ದೀಪ ಮುಟ್ಟಿದ್ರೂ ಸುಡಲ್ಲ ಕಣೇ" ಎನ್ನುತ್ತಾರೆ. ನಾನು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಏಳುತ್ತೇನೆ.

ಆ ಉರಿಯಲ್ಲೇ ಎಡವಟ್ಟು ಮಾಡಿಕೊಂಡೆ. ಕರೆಂಟಿನ ಬಳಕೆ ಇಳಿಸದಿದ್ದರೆ ನಮ್ಮ ಪರವಾನಗಿ ನವೀಕರಿಸುವುದಿಲ್ಲ, ಬಾಗಿಲು ಮುಚ್ಚಬೇಕಾಗುತ್ತದೆ ಎಂದು ನಗರಸಭೆಯ ನೋಟಿಸು ಬಂದಿತ್ತು. ನಿನ್ನಲ್ಲಿ ಉಳಿದ ಹನ್ನೆರಡು ಎಲ್‌ಇಡಿ ದೀಪ ಕೊಡುತ್ತೇನೆ ಎಂದು ನೀನು ಬರೆದೆ. ನಾನು ಉತ್ತರವನ್ನೇ ಕೊಡದೆ, ಕರೆಂಟು ಉಳಿಸಲೆಂದು ಜನ ತುಂಬಿದ ನಾಟಕದ ನಡುವೆ ಎಸಿ ಆಫ್ ಮಾಡಿಸಿದೆ. ನಮ್ಮ ಹಳೆಯ ದೀಪಗಳೋ, ಒಂದೊಂದೂ ಒಂದೊಂದು ಒಲೆ. ರಂಗದ ಮೇಲೆ ಸಾಯುತ್ತಿದ್ದ ರಾಜ ಮಂತ್ರಿಯನ್ನು ಅಪ್ಪಿಕೊಂಡ. ಬೆವರಿಗೆ ಅಂಟು ಬಿಟ್ಟ ಅವನ ಮೀಸೆ ಮಂತ್ರಿಯ ಹೆಗಲ ಮೇಲೆ ಉಳಿಯಿತು. ಜನ ಬಿದ್ದು ಬಿದ್ದು ನಕ್ಕರು.

ಮೊದಲ ಸಾಲಿನಲ್ಲಿದ್ದ ಅಪ್ಪ ನಗಲಿಲ್ಲ. ಮನೆಗೆ ನಡೆಯುವಾಗ ಹೇಳಿದರು: "ಫಲಕ ಕೊಟ್ಟ ದಿನ ನೀನು ಬರ್ಲಿಲ್ಲ. ಅವಳು ಮೈಕ್ ಹಿಡ್ಕೊಂಡು ಏನಂದ್ಲು ಗೊತ್ತಾ? ಗಾಜು ಒರೆಸಿಟ್ರೆ ಎರಡು ದೀಪದ ಕೆಲಸ ಒಂದೇ ಮಾಡುತ್ತೆ, ಇದು ನಮ್ಮಕ್ಕ ಹೇಳ್ಕೊಟ್ಟಿದ್ದು ಅಂದ್ಲು."

ಚಿಕ್ಕವರಿದ್ದಾಗ ಅಪ್ಪನ ಏಣಿ ಹತ್ತಿ, ಹಳೆಯ ಪೇಪರಿನಿಂದ ದೀಪಗಳ ಗಾಜು ಒರೆಸುತ್ತಿದ್ದವಳು ನಾನು. ಕೆಳಗೆ ಏಣಿ ಹಿಡಿದುಕೊಂಡು "ಅಕ್ಕಾ, ನಾನೊಂದ್ಸಲ ಹತ್ಲಾ?" ಎಂದು ಗೋಗರೆಯುತ್ತಿದ್ದವಳು ನೀನು. ಬೀಳ್ತೀಯ ಎಂದು ಒಂದು ಸಲವೂ ಬಿಡಲಿಲ್ಲ. ನಿಜ ಹೇಳಲಾ? ನೀನು ನನಗಿಂತ ಚೆನ್ನಾಗಿ ಒರೆಸಿಬಿಟ್ಟರೆ ಎಂಬ ಭಯ. ಇಷ್ಟಾದರೂ ನಿನಗೆ ನನ್ನ ಮೇಲೆ ಚೂರೂ ಹೊಟ್ಟೆಕಿಚ್ಚಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು ಕಣೇ.

ಸೋಮವಾರ ನಮ್ಮಲ್ಲಿ ನಾಟಕವಿಲ್ಲ. ದೀಪಗಳನ್ನು ತೆಗೆದುಕೊಂಡು ಬಾ. ಅಪ್ಪನ ಏಣಿ ಇನ್ನೂ ಗಟ್ಟಿಯಾಗಿದೆ. ಈ ಸಲ ನೀನು ಹತ್ತು, ನಾನು ಹಿಡಿದುಕೊಳ್ಳುತ್ತೇನೆ.

ನಿನ್ನ ನಾಟಕಶಾಲೆ ಸದಾ ತುಂಬಿರಲಿ. ನಮ್ಮದರಲ್ಲಿ ಒಂದೇ ಒಂದು ಸೀಟು ಹೆಚ್ಚು ತುಂಬಲಿ.

ಇನ್ನೂ ಪೂರ್ತಿ ತಣ್ಣಗಾಗದ,
ನಿನ್ನ ಅಕ್ಕ