ಮೂಲೆ ಮುರಿದ ಫರ್ಸಿ

ತಾಂಡೂರು
೧೭ ಆಗಸ್ಟ್ ೨೦೨೫

ಪ್ರೀತಿಯ ಸುಜಾತಾ,

ಗುಡ್ಡೆ ಉಳಿಯಿತು. ಮೊದಲು ಅದನ್ನೇ ಬರೆದುಬಿಡುತ್ತೇನೆ, ಮುಂದಿನದನ್ನು ನೀನು ಸಿಟ್ಟಿನಿಂದ ಓದಿದರೂ ನಡೆಯುತ್ತದೆ. ನಾವಿಬ್ಬರೂ ಮೂರು ಬೇಸಿಗೆ ಮೊಣಕಾಲೂರಿ ಹಲ್ಲಿ ಎಣಿಸಿದ ನೆಲಕ್ಕೆ ಹಾಸುವ ಫರ್ಸಿಯ ಒಡಕು ಚಪ್ಪಡಿಗಳ ಗುಡ್ಡೆಯಿಂದ ಇನ್ನು ಒಂದು ಕಲ್ಲೂ ಕ್ರಷರಿಗೆ ಹೋಗುವುದಿಲ್ಲ. ಗುರುವಾರ ಅರಣ್ಯ ಇಲಾಖೆಯ ಆದೇಶ ಕೈಗೆ ಬಂತು.

ಫೋನ್ ಮಾಡಬಹುದಿತ್ತು. ನಾರಾಯಣಖೇಡದ ಕಾಲೇಜಿನಿಂದ ನೀನು ಮನೆಗೆ ಬರುವ ಹೊತ್ತು ನನಗೆ ಇನ್ನೂ ಗೊತ್ತಿದೆ. ಆದರೆ ಫೋನಿನಲ್ಲಿ ನೀನು ಒಂದು ಪ್ರಶ್ನೆ ಕೇಳುತ್ತೀ, ನಾನು ಮಾತು ಹೊರಳಿಸುತ್ತೇನೆ. ಇಂಗ್ಲಿಷಿನಲ್ಲಿ ಬರೆದರೂ ಅಷ್ಟೇ. ಜಹೀರಾಬಾದಿನ ಕಾನ್ವೆಂಟಿನಲ್ಲಿ ಕಲಿತ ಆ ಭಾಷೆಯಲ್ಲಿ ಅಡಗಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ.

ನೀನು ಏಕೆ ಬಿಟ್ಟುಹೋದೆ ಎಂಬುದು ಇಬ್ಬರಿಗೂ ನೆನಪಿದೆ. ಗುಡ್ಡೆಯಲ್ಲಿ ಬಂಡೆಹಲ್ಲಿಯ ತತ್ತಿ ಅಂಟಿದ್ದ ಮುನ್ನೂರ ಹನ್ನೆರಡು ಫರ್ಸಿಗಳಲ್ಲಿ ಇನ್ನೂರ ತೊಂಬತ್ತಕ್ಕೆ ಒಂದು ಮೂಲೆ ಮುರಿದಿತ್ತು. ಈ ಹಲ್ಲಿ ಮುರಿದ ಕಲ್ಲನ್ನೇ ಆರಿಸಿ ತತ್ತಿಯಿಡುತ್ತದೆ, ಬಿರುಕುಬಂಡೆಗಳಲ್ಲಿ ಲಕ್ಷಾಂತರ ವರ್ಷ ಬಾಳಿದ ಕುಲಕ್ಕೆ ರಕ್ತದಲ್ಲೇ ಬಂದ ಗುಣ ಇದು ಎಂದು ನಾನು ಬರೆದೆ. ಇಷ್ಟು ಅಚ್ಚುಕಟ್ಟಾದ ಉತ್ತರವನ್ನು ಯಾವ ಪ್ರಾಣಿಯೂ ಕೊಡುವುದಿಲ್ಲ ಎಂದೆ ನೀನು. ಲೇಖನದಿಂದ ನಿನ್ನ ಹೆಸರನ್ನು ನೀನೇ ತೆಗೆಸಿದೆ. ಅದನ್ನು ನಾನು ಹೊಟ್ಟೆಕಿಚ್ಚು ಅಂದುಕೊಂಡೆ. ಅಂದುಕೊಂಡು ಸುಮ್ಮನಿರಲಿಲ್ಲ, ನಿನ್ನ ಮುಖಕ್ಕೇ ಹೇಳಿದೆ.

ಹೋದ ವರ್ಷ ಮಾರ್ಚಿನಲ್ಲಿ, ಲೇಖನ ಒಪ್ಪಿಗೆಯಾಗಿ ಅಚ್ಚಿಗೆ ಹೋಗಲು ಎರಡು ವಾರ ಇರುವಾಗ, ಫೋಟೊ ತೆಗೆಯಲು ಖಣಿಗೆ ಹೋದೆ. ಫರ್ಸಿ ಹೊರುವ ಬಾಲಮಣಿ ನಿನಗೆ ನೆನಪಿರಬೇಕು, ನಮಗೆ ಮಜ್ಜಿಗೆ ಕೊಡುತ್ತಿದ್ದ ಎತ್ತರದ ಹೆಂಗಸು. ಲಾರಿಗಾಗಿ ನಿಲ್ಲಿಸಿಟ್ಟ ಸಾಲಿನಿಂದ ಆಕೆ ಒಂದು ಒಳ್ಳೆಯ ಫರ್ಸಿ ಎಳೆದಳು. ಹಿಂಬದಿಯಲ್ಲಿ ಎರಡು ಬಿಳಿ ತತ್ತಿ. ಕೂಲಿಯವರ ಮೇಲ್ವಿಚಾರಕ ಮುಕಾದಮ ಹತ್ತಿರ ಇಲ್ಲವೆಂದು ಸುತ್ತಲೂ ನೋಡಿ, ಸುತ್ತಿಗೆಯಿಂದ ಒಂದೇ ಏಟಿಗೆ ಮೂಲೆ ಹಾರಿಸಿದಳು. ಆಮೇಲೆ ಇನ್ನೊಬ್ಬಳ ಜೊತೆ ಅದನ್ನು ಹೊತ್ತುಕೊಂಡು ಹೋಗಿ, ಗುಡ್ಡೆಯ ಬೇವಿನ ನೆರಳಿನ ಬದಿಗೆ, ತತ್ತಿ ಒಳಗಡೆ ಬರುವ ಹಾಗೆ ಒರಗಿಸಿದಳು.

ಮೂಲೆ ಏಕೆ ಮುರಿದೆ ಎಂದು ಕೇಳಿದೆ.

“ಮುರದಿದ್ರ ಮುಕಾದಮ ಒಡಕು ಅಂತ ಬಿಡ್ತಾನ್ರಿ. ಸಾಪ್ ಇದ್ರ ಲಾರಿಗಿ ಹಾಕಸ್ತಾನ. ತತ್ತಿ ಇದ್ದ ಕಲ್ಲು ಯಾರ ಮನಿ ನೆಲಕ್ಕ ಹಾಕ್ಬೇಕ್ರಿ?”

ನನ್ನ ಲೇಖನದಲ್ಲಿ ಏನಿದೆ ಎಂದು ಹೇಳಿದೆ. ಬಾಲಮಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಮೂಲಿ ನೋಡಿ ಆರಿಸ್ತದ? ಮೇಡಂ, ಹಲ್ಲಿ ಏನ್ ಫರ್ಸಿ ಖರೀದಿಗಿ ಬಂದದೇನ್ರಿ?”

ಸುಜಾತಾ, ಹೆಂಗಸರ ಕರುಣೆಯನ್ನು ನಾನು ಹಲ್ಲಿಯ ಬುದ್ಧಿ ಎಂದು ಬರೆದಿದ್ದೆ.

ಆ ಲೇಖನ ಅಚ್ಚಾದರೆ ಗುಡ್ಡೆಯನ್ನು ಉಳಿಸಬಹುದು ಎಂದು ಅರಣ್ಯಾಧಿಕಾರಿ ಹೇಳಿದ್ದರು. ಸುಮ್ಮನಿದ್ದಿದ್ದರೆ ಗುಡ್ಡೆ, ಹೆಸರು ಎರಡೂ ಸಿಗುತ್ತಿದ್ದವು. ಎಂಟು ದಿನ ಸುಮ್ಮನಿದ್ದೆ. ಒಂಬತ್ತನೆಯ ದಿನ ಲೇಖನ ಹಿಂತೆಗೆದುಕೊಂಡೆ. ಖಣಿಯ ಮಾಲಕರು ಮುಂದಿನ ವರ್ಷದ ಮಳೆಗಾಲದವರೆಗೆ ಮಾತ್ರ ಕಾಯುತ್ತೇನೆ, ಆಮೇಲೆ ಗುಡ್ಡೆ ಕ್ರಷರಿಗೆ ಎಂದರು.

ನಿಜ ಬರೆದರೆ ಹೆಂಗಸರು ಒಳ್ಳೆಯ ಫರ್ಸಿ ಒಡೆದದ್ದೂ ಹೊರಗೆ ಬರುತ್ತಿತ್ತು. ಹೆಸರು ಮುಚ್ಚಿಡಲೇ ಎಂದು ಬಾಲಮಣಿಯನ್ನು ಕೇಳಿದೆ. ಉಳಿದವರ ಜೊತೆ ಮಾತಾಡಿ ನಾಲ್ಕು ದಿನದ ಮೇಲೆ ಉತ್ತರ ಕೊಟ್ಟಳು: “ಬರೀರಿ. ಆದ್ರ ಮುಕಾದಮಗ ನಾನೇ ಹೇಳ್ತೀನಿ. ಕಾಗದ ಓದಿ ತಿಳಕೊಂಡ್ರ ಅಂವಗ ಬ್ಯಾಸರ ಆಗ್ತದ.”

ಆ ಬೇಸಿಗೆ ಪರೀಕ್ಷೆ ಮಾಡಿದೆವು. ಅವರ ಪದ್ಧತಿಯಂತೆ ನೆರಳಿಗೆ ಒರಗಿಸಿದ ನಲವತ್ತು ಫರ್ಸಿಗಳಲ್ಲಿ ಮೂವತ್ತನಾಲ್ಕರ ತತ್ತಿಗಳು ಮರಿಯಾದವು. ಬಿಸಿಲಿನ ಸಾಲಿನಲ್ಲೇ ಬಿಟ್ಟ ಇಪ್ಪತ್ತರಲ್ಲಿ ಎರಡು. ಬಿಟ್ಟವಳು ನಾನೇ. ಆ ಇಪ್ಪತ್ತನ್ನು ಎಣಿಸುವಾಗ ಬಾಲಮಣಿ ನನ್ನ ಕಡೆ ನೋಡಲಿಲ್ಲ. ಸುತ್ತಲಿನ ಹನ್ನೊಂದು ಖಣಿಗಳಲ್ಲಿ ಒಟ್ಟು ಸಿಕ್ಕದ್ದಕ್ಕಿಂತ ಹೆಚ್ಚು ಹಲ್ಲಿ ನಮ್ಮ ಈ ಒಂದೇ ಗುಡ್ಡೆಯಲ್ಲಿದ್ದವು.

ಈ ಜೂನಿನಲ್ಲಿ ಖಣಿಯಲ್ಲೇ, ತಾಡಪತ್ರಿಯ ನೆರಳಲ್ಲಿ, ಸಭೆ ಕೂಡಿತು. ಅಧಿಕಾರಿ, ಮಾಲಕರು, ಮುಕಾದಮ ಬಂಡೆಪ್ಪ, ಹದಿನಾಲ್ಕು ಜನ ಹೆಂಗಸರು. ನಾನು ಅಂಕಿ ಹೇಳಿ ಕೂತೆ. ಬಾಲಮಣಿ ಎದ್ದು ಎಲ್ಲವನ್ನೂ ಹೇಳಿದಳು, ಸುತ್ತಿಗೆಯನ್ನೂ ತೋರಿಸಿದಳು.

ಬಂಡೆಪ್ಪನ ಮುಖ ಕೆಂಪಾಯಿತು. “ಅಂದ್ರ ಇಷ್ಟ್ ವರ್ಷ ನನ್ನ ಕಣ್ಣಾಗ ಮಣ್ಣು ಹಾಕೀರಿ?”

“ಮಣ್ಣು ಎಲ್ಲದ ಯಪ್ಪಾ ಇಲ್ಲಿ? ಬರೇ ಫರ್ಸಿ ಪುಡಿ,” ಎಂದಳು ಬಾಲಮಣಿ.

ಮೊದಲು ನಕ್ಕವರು ಮಾಲಕರು. ಆಮೇಲೆ ಅವರು ಎದ್ದು ಗುಡ್ಡೆಗೆ ಒಂದು ಸುತ್ತು ಬಂದು, ಸಾಪ್ ಫರ್ಸಿ ಒಡೆಯುವುದನ್ನು ಬಿಟ್ಟರೆ ಗುಡ್ಡೆ ಇಲ್ಲೇ ಇರಲಿ ಎಂದರು. ಅಧಿಕಾರಿ ಅಲ್ಲೇ ಬರೆಸಿಕೊಂಡರು. ಹೆಂಗಸರು ಹಾಕಿದ ಕೇಕೆಗೆ ಹತ್ತಿರದ ಖಣಿಯವರು ಓಡಿ ಬಂದರು, ಕಲ್ಲು ಯಾರ ಮೇಲೆ ಬಿತ್ತೋ ಎಂದು!

ಈಗ ಯಾರೂ ಮೂಲೆ ಮುರಿಯುವುದಿಲ್ಲ. ಬಂಡೆಪ್ಪನೇ ಸೀಮೆಸುಣ್ಣ ಹಿಡಿದು ತತ್ತಿಯ ಫರ್ಸಿಗೆ ಗುರುತು ಹಾಕುತ್ತಾನೆ, ಒಂದು ತಪ್ಪಿದರೂ ಹೆಂಗಸರ ಮೇಲೆ ಹಾರಾಡುತ್ತಾನೆ. ಹೊಸ ಲೇಖನಕ್ಕೆ ಸೋಮವಾರ ಒಪ್ಪಿಗೆ ಬಂತು. ಮೊದಲ ಹೆಸರು ಬಾಲಮಣಿಯದು. ಯಾವ ಸಂಸ್ಥೆ ಎಂದು ಪತ್ರಿಕೆಯವರು ಕೇಳಿದರು. ಫರ್ಸಿ ಖಣಿ, ತಾಂಡೂರು ಎಂದು ಬರೆದೆ. ಆಕೆ ತನ್ನ ಹೆಸರನ್ನು ಮೂರು ಸಲ ಓದಿಸಿಕೊಂಡಳು.

ನೀನು ಹೇಳಿದ್ದು ಸರಿಯಿತ್ತು. ನಿನಗೆ ಅಂದ ಮಾತಿಗೆ ಕ್ಷಮೆ ಕೇಳುತ್ತೇನೆ. ಬಾ, ಮರಿಗಳನ್ನು ನೋಡು.

ನಿನ್ನ,
ಸೌಮ್ಯಾ

ಮರೆತದ್ದಲ್ಲ, ಬಚ್ಚಿಟ್ಟದ್ದು: ಮಾರ್ಚಿನಲ್ಲೇ ಮೊದಲು ತಿಳಿಯಿತು ಎನ್ನುವ ಹಾಗೆ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಇವು ನಾವು ತಂದಿಟ್ಟ ಕಲ್ಲು ಎಂದು ಬಾಲಮಣಿ ಮೊದಲ ಬೇಸಿಗೆಯಲ್ಲೇ ಹೇಳಿದ್ದಳು. ಆಗ ನೀನು ಗುಡ್ಡೆಯ ಆಚೆ ಬದಿಯಲ್ಲಿ ಅಳತೆ ಮಾಡುತ್ತಿದ್ದೆ. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ‘ಕೂಲಿಯವರ ಮಾತು’ ಎಂದು ಹಾಕಿ, ಅಡ್ಡಗೆರೆ ಎಳೆದೆ. ನೀನು ಸಂಶಯಪಟ್ಟ ದಿನ ಆ ಪುಸ್ತಕ ನನ್ನ ತೊಡೆಯ ಮೇಲೇ ಇತ್ತು. ಆ ಪುಟದ ಚಿತ್ರ ಲೇಖನದ ಕೊನೆಯಲ್ಲಿ ಅಚ್ಚಾಗುತ್ತಿದೆ. ಕಳಿಸಿದವಳು ನಾನೇ. ಬೇರೆಯವರು ನೋಡುವ ಮುಂಚೆ ನೀನು ನೋಡಬೇಕು ಎಂದು ಮೂಲ ಹಾಳೆಯನ್ನೇ ಹರಿದು ಈ ಪತ್ರದೊಳಗೆ ಇಟ್ಟಿದ್ದೇನೆ.